ಬ್ಯಾಟರಿ ಮೇಸ್ತ್ರಿ ಓದದೆ ಬಿಟ್ಟ ಪ್ರಶ್ನೆ

ಕೋಪ ಅವನಿಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಓಣಿಯವರು ಹೇಳುತ್ತಿದ್ದರು. ಅದು ಸುಳ್ಳು. ಮೂಗಿನ ತುದಿಯಲ್ಲಿದ್ದದ್ದು ಆಸಿಡ್ ಸಿಡಿದ ಕಲೆ. ಕೋಪ ಇದ್ದದ್ದು ನಾಲಿಗೆಯ ಮೇಲೆ, ಅದೂ ಬಂದ ದಾರಿಯಲ್ಲೇ ಹೋಗಿಬಿಡುವ ಕೋಪ. ಗಿರಾಕಿಯ ಏಳು ತಲೆಮಾರನ್ನು ಜಾಲಾಡಿಸಿ, ಅವನು ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ "ಟೀ ಕುಡ್ಕೊಂಡು ಹೋಗಯ್ಯಾ" ಎಂದು ಕರೆಯುವ ಜಾತಿಯ ಮನುಷ್ಯ. ಎಲ್ಲರಿಗೂ ಅವನು ಬ್ಯಾಟರಿ ಮೇಸ್ತ್ರಿ.

ಟೈರಿನ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಅವನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಸತ್ತ ಬ್ಯಾಟರಿಗೆ ಜೀವ ಕೊಡುವುದೇ ಕಸುಬು. ಹೇಳುವುದಕ್ಕೆ ಸುಲಭ. ಹಳೆಯ ಬ್ಯಾಟರಿಯ ಆಸಿಡ್ ಸುರಿದು, ಮೇಲಿನ ಮುಚ್ಚಳ ಕೊಯ್ದು, ಒಳಗಿನ ಸೀಸದ ಪ್ಲೇಟುಗಳನ್ನು ಎಳೆದು, ಕೆಟ್ಟದ್ದನ್ನು ಬಡಿದು ಪುಡಿ ಉದುರಿಸಿ, ಒಳ್ಳೆಯದನ್ನು ಉಳಿಸಿಕೊಂಡು, ಸೀಸ ಕಾಯಿಸಿ ಮತ್ತೆ ಬೆಸೆಯುವುದು. ಮಾಡುವಾಗ ಮಾತ್ರ ಗಂಟಲು ಉರಿಯುತ್ತದೆ. ಗಿರಣಿಯವನ ಮೈಮೇಲೆ ಹಿಟ್ಟು ಕೂರುವ ಹಾಗೆ ಇವನ ಮೈಮೇಲೆ ಬೂದು ಬಣ್ಣದ ಪುಡಿ ಕೂರುತ್ತಿತ್ತು. ಆಸಿಡ್ ಹನಿ ಬಿದ್ದಲ್ಲೆಲ್ಲ ಅಂಗಿಗೆ ತೂತು. ಹೊಸ ಅಂಗಿ ಹಾಕಿಕೊಂಡು ಹೋದರೂ ಮೂರನೇ ದಿನಕ್ಕೆ ಜರಡಿ.

ಆ ಜರಡಿಯನ್ನು ಮತ್ತೆ ಅಂಗಿ ಮಾಡುವವಳು ಹೆಂಡತಿ. ಮದುವೆಯಾದ ಹನ್ನೊಂದು ವರ್ಷದಿಂದ, ವಾರಕ್ಕೆರಡು ಸಲ, ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವನ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ, ಒಂದೊಂದೇ ತೂತು ಮುಚ್ಚುತ್ತಿದ್ದಳು. ಕತ್ತರಿ ಹುಡುಕುವಷ್ಟು ತಾಳ್ಮೆ ಇಲ್ಲ. ಗಂಟು ಹಾಕಿ ಹಲ್ಲಿನಿಂದಲೇ ದಾರ ಕಡಿಯುತ್ತಿದ್ದಳು. ಮೊದಲು ಹೊಲಿಯುವುದು, ಆಮೇಲೆ ಒಗೆಯುವುದು. ಮೊದಲೇ ಒಗೆದರೆ ಆಸಿಡ್ ತಿಂದ ಬಟ್ಟೆ ಕೈಯಲ್ಲೇ ಹರಿದು ತೂತು ದೊಡ್ಡದಾಗುತ್ತದೆ. ಬ್ಯಾಟರಿ ಕೆಲಸದವರ ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ ಇದು.

ಈಗ ಅವಳು ಬಸುರಿ. ಮೂರನೇ ಸಲ.

ಮೊದಲನೆಯದು ಮೂರು ತಿಂಗಳಿಗೇ ಹೋಯಿತು. ಎರಡನೆಯದು ಐದು ತುಂಬಿದ ಮೇಲೆ. ಆಮೇಲೆ ಆರು ವರ್ಷ ಏನೂ ಇಲ್ಲ. ಮನೆಯಲ್ಲಿ ಮೇಸ್ತ್ರಿಯ ತಾಯಿ ಇದ್ದಳು. ಕೈ ಕಾಲು ಸೋತಿದ್ದರೂ ಬಾಯಿ ಸೋತಿರಲಿಲ್ಲ. "ಕೊಡದಲ್ಲೇ ತೂತಿದ್ರೆ ಎಷ್ಟು ನೀರು ಹಾಕಿದ್ರೇನು ಬಂತು" ಎಂದು ಪಕ್ಕದ ಮನೆಯವರ ಹತ್ತಿರ, ಸೊಸೆಗೆ ಕೇಳುವಷ್ಟೇ ಗಟ್ಟಿಯಾಗಿ, ಹೇಳುತ್ತಿದ್ದಳು. ಎರಡನೆಯದು ಹೋದ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೇಸ್ತ್ರಿಯೂ ಒಂದು ಮಾತು ಆಡಿದ್ದ: "ಒಂದು ಮಗು ಹೊರೋಕೂ ಬರಲ್ವಾ ನಿಂಗೆ?" ಆ ಮಾತನ್ನು ಟೀ ಕೊಡಿಸಿ ಸರಿಮಾಡಲು ಆಗಲಿಲ್ಲ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಆರು ವರ್ಷವಾದರೂ ಕೊಟ್ಟಿರಲಿಲ್ಲ.

ಈ ಸಲ ಅವಳು ಆ ಆಸ್ಪತ್ರೆಯೇ ಬೇಡ ಎಂದಳು. ಮೂರು ಬೀದಿ ಆಚೆ ಒಬ್ಬ ಸೂಲಗಿತ್ತಿ ಇದ್ದಳು. ಸೂಲಗಿತ್ತಿ ಎಂದರೆ ಬಿಸಿನೀರು ಕಾಯಿಸಿ ಎನ್ನುವ ಹಳೆಯ ಕಾಲದ ಅಜ್ಜಿಯಲ್ಲ. ಓದಿ, ಪರೀಕ್ಷೆ ಪಾಸಾಗಿ, ಬಿಳಿ ಬಣ್ಣದ ಎರಡು ಕೋಣೆಯಲ್ಲಿ ಬಸುರಿಯರನ್ನು ನೋಡುವವಳು. ಜನ ಸಿಸ್ಟರ್ ಎಂದು ಕರೆಯುತ್ತಿದ್ದರು. ಸೋಮವಾರ ಹೆಂಡತಿ ಹೋಗಿ ಹೆಸರು ಬರೆಸಿ ಬಂದಳು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರಬೇಕು, ಗಂಡನೂ ಜೊತೆಗೆ ಬರಬೇಕು, ಹಳೆಯ ಚೀಟಿಗಳನ್ನು ತರಬೇಕು, ಬೆಳಗಿನ ಮೊದಲ ಮೂತ್ರವನ್ನು ಶುದ್ಧವಾದ ಬಾಟಲಿಯಲ್ಲಿ ತರಬೇಕು, ಮತ್ತೆ ಈ ಕಾಗದ ತುಂಬಿಸಿಕೊಂಡು ಬರಬೇಕು. ಕಾಗದ ಅಂದರೆ ನಾಲ್ಕು ಪುಟ.

ಬಾಟಲಿಯ ವಿಷಯಕ್ಕೇ ಮೊದಲ ಜಗಳ. ಮೇಸ್ತ್ರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಖಾಲಿ ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿದ.

"ಇದಕ್ಕಿಂತ ಶುದ್ಧ ಊರಲ್ಲೇ ಇಲ್ಲ. ಒಂದು ಕಣ ಉಪ್ಪಿರಲ್ಲ ಈ ನೀರಲ್ಲಿ."

"ನಾನೇನು ಬ್ಯಾಟರಿನಾ?" ಎಂದಳು ಹೆಂಡತಿ. "ನಿಮ್ಮ ಅಂಗಡಿ ಸಾಮಾನು ನಂಗೆ ಬೇಡ. ಅದರ ವಾಸನೆಗೇ ವಾಂತಿ ಬರುತ್ತೆ."

"ವಾಸನೆ ಇಲ್ವೇ ಅದಕ್ಕೆ!"

"ನಿಮಗಿಲ್ಲ. ನಿಮ್ಮ ಮೂಗು ಎಂದೋ ಸತ್ತುಹೋಗಿದೆ."

ತಾಯಿ ಮಂಚದಿಂದಲೇ ತೀರ್ಪು ಕೊಟ್ಟಳು. "ಲೋ, ಬಾಟಲಿ ಯಾವುದಾದ್ರೇನೋ, ಒಳಗಿರೋದು ಬಂಗಾರ ಆಗಲ್ಲ." ಕೊನೆಗೆ ಮೇಸ್ತ್ರಿಯೇ ಬೈದುಕೊಂಡು ಔಷಧಿ ಅಂಗಡಿಗೆ ಹೋಗಿ ಹೊಸ ಬಾಟಲಿ ತಂದ.

ಮಂಗಳವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಬಂದು ಕಾಗದ ತುಂಬಲು ಕೂತ. ಹೆಂಡತಿಗೆ ಅಕ್ಷರ ಬರದು, ಸಹಿ ಮಾತ್ರ ಬರುತ್ತದೆ. ತಾಯಿಗೆ ಅದೂ ಇಲ್ಲ. ಇವನದು ನಾಲ್ಕನೇ ಕ್ಲಾಸು. ಮನೆಯ ಒಟ್ಟು ವಿದ್ಯೆ ಅಷ್ಟೇ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುವವನ ಹಾಗೆ ಒಂದೊಂದೇ ಪದ ಓದಬೇಕು. ಮೊದಲು ಮನಸ್ಸಿನಲ್ಲಿ ಪೂರಾ ಓದಿ, ಅರ್ಥ ಮಾಡಿಕೊಂಡು, ಆಮೇಲೆ ಬಾಯಿಬಿಟ್ಟು ಹೇಳುವುದು ಅವನ ಪದ್ಧತಿ. ತಡವರಿಸಿದರೆ ಮರ್ಯಾದೆ ಹೋಗುತ್ತದಲ್ಲ.

"ಕೊನೆಯ ಮುಟ್ಟಿನ ದಿನಾಂಕ." ಅವನ ಕಿವಿ ಕೆಂಪಾಯಿತು. "ಇದನ್ನೆಲ್ಲ ಯಾರಾದ್ರೂ ಕೇಳ್ತಾರಾ?"

"ಬ್ಯಾಟರಿ ಯಾವಾಗ ತಗೊಂಡಿದ್ದು ಅಂತ ನೀವು ಕೇಳಲ್ವಾ ಗಿರಾಕಿನ? ಹಾಗೇನೇ. ಬರ್ಕೊಳ್ಳಿ." ಅವಳು ದಿನ ಹೇಳಿದಳು.

"ನಿನ್ನ ಹೆತ್ತಾಗ ಒಂದು ಚೀಟಿನೂ ಇರಲಿಲ್ಲಪ್ಪ," ಎಂದಳು ತಾಯಿ.

"ಅದಕ್ಕೇ ನಾನು ಹೀಗಾಗಿದ್ದು. ಸುಮ್ನಿರಮ್ಮ."

ಹಿಂದಿನ ಹೆರಿಗೆಗಳು ಎಂದು ಒಂದು ಕಡೆ ಇತ್ತು. ಅವನು ಮೂರು ತಿಂಗಳು ಎಂದು ಬರೆದ, ಅದರ ಕೆಳಗೆ ಐದು ತಿಂಗಳು ಎಂದು ಬರೆದ. ಕಾರಣ ಎಂದು ಇನ್ನೊಂದು ಖಾನೆ ಇತ್ತು. "ಗೊತ್ತಿಲ್ಲ ಅಂತ ಹಾಕಿ," ಎಂದಳು ಹೆಂಡತಿ. ಮಂಚದ ಕಡೆಯಿಂದ ಒಂದು ಕೆಮ್ಮು ಬಂತು. ಕೆಮ್ಮಿಗೂ ಅರ್ಥ ಇರುತ್ತದೆ.

ಪುಟ ತಿರುಗಿಸಿದ. "ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಕೈ ಮಾಡುತ್ತಾರೆಯೇ?" ಪೆನ್ನು ನೆಲಕ್ಕೆ ಬಡಿದ. "ಯಾವನವನು ಇದನ್ನ ಬರೆದವನು? ಕರೀರಿ ಅವನನ್ನ! ಹನ್ನೊಂದು ವರ್ಷದಲ್ಲಿ ಒಂದು ದಿನ ಕೈ ಎತ್ತಿದೀನಾ ನಾನು?"

ಹೆಂಡತಿ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡಳು. "ಬರೀರಿ. ಕೈ ಮಾಡಲ್ಲ, ಬಾಯಿ ಮಾತ್ರ ಅಂತ."

"ಅದಕ್ಕೆ ಜಾಗ ಇಲ್ಲ. ಹೌದು, ಇಲ್ಲ, ಎರಡೇ ಇರೋದು."

"ಹಾಗಾದ್ರೆ ಇಲ್ಲ ಅಂತ ಹಾಕಿ. ಪಾಪ."

ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ಮೇಸ್ತ್ರಿಗೂ ಹಗುರವಾಯಿತು. ಪೆನ್ನು ಎತ್ತಿಕೊಂಡು ಆ ಪುಟದ ಕೊನೆಯ ಪ್ರಶ್ನೆಗೆ ಬೆರಳಿಟ್ಟ. ತನ್ನ ಪದ್ಧತಿಯಂತೆ ಮೊದಲು ಮನಸ್ಸಿನಲ್ಲಿ ಓದಿಕೊಂಡ.

ಮನೆಯಲ್ಲಿ ಯಾರಾದರೂ ಸೀಸ, ಬಣ್ಣ, ಬ್ಯಾಟರಿ ಅಥವಾ ಕೀಟನಾಶಕದ ಕೆಲಸ ಮಾಡುತ್ತಾರೆಯೇ? ಹೌದಾದರೆ ಅವರ ಕೆಲಸದ ಬಟ್ಟೆ ಒಗೆಯುವವರು ಯಾರು? ಬಟ್ಟೆಯ ಮೇಲಿನ ಸೀಸದ ಪುಡಿ ಬಸುರಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಕೆಡುಕು. ಹಿಂದೆ ಗರ್ಭ ಹೋಗಿದ್ದರೆ ತಪ್ಪದೆ ತಿಳಿಸಿ.

ಬೆರಳು ಬ್ಯಾಟರಿ ಎನ್ನುವ ಪದದ ಮೇಲೆ ನಿಂತಿತು. ಮತ್ತೊಮ್ಮೆ ಓದಿದ. ಮೂರನೇ ಸಲ ಓದುವಾಗ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು.

"ಏನಂತೆ?" ಎಂದಳು ಹೆಂಡತಿ.

"ಏನಿಲ್ಲ. ಬೀಡಿ ಸಿಗರೇಟು ಸೇದ್ತಾರಾ ಅಂತ," ಎಂದು ಬಾಯಿಗೆ ಬಂದ ಒಂದು ಪ್ರಶ್ನೆಯನ್ನು ಹೇಳಿ ಪುಟ ತಿರುಗಿಸಿಬಿಟ್ಟ. ಆ ಖಾನೆ ಹಾಗೇ ಖಾಲಿ ಉಳಿಯಿತು.

ಸೀಸ ಕೆಟ್ಟದ್ದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಕಸುಬಿನವರಿಗೆಲ್ಲ ಗೊತ್ತು. ಪ್ಲೇಟು ಬಡಿದ ದಿನ ಕೆಲಸ ಮುಗಿಸಿ ಒಂದು ದೊಡ್ಡ ಲೋಟ ಹಾಲು ಕುಡಿಯಬೇಕು, ಹೊಟ್ಟೆಗೆ ಹೋದ ಸೀಸವನ್ನು ಹಾಲು ತೊಳೆದುಕೊಂಡು ಹೋಗುತ್ತದೆ ಎಂದು ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಹೇಳಿಕೊಟ್ಟಿದ್ದ. ಇಪ್ಪತ್ತೆರಡು ವರ್ಷ ತಪ್ಪದೆ ಕುಡಿದಿದ್ದ. ಸೀಸ ಬಡಿಯುವವನನ್ನು ಹಿಡಿಯುತ್ತದೆ ಎಂದು ಗೊತ್ತಿತ್ತು; ಅಂಗಿಯ ಮೇಲೆ ಕೂತು ಮನೆಗೆ ಬಂದು, ತೊಡೆಯ ಮೇಲೆ ಹರಡಿಕೊಂಡವಳನ್ನು ಹಿಡಿಯುತ್ತದೆ ಎಂದು ಯಾವ ನನ್ಮಗನೂ ಹೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಅಂಗಡಿ ತೆರೆಯದೆ ದೊಡ್ಡ ಮೇಸ್ತ್ರಿಯ ಮನೆಗೆ ಹೋದ. ಮುದುಕ ಜಗಲಿಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಬಲಗೈ ಮಣಿಕಟ್ಟಿನಿಂದ ಕೆಳಗೆ ಬಾಡಿದ ಎಲೆಯ ಹಾಗೆ ಜೋತುಬಿದ್ದಿತ್ತು. ಕಸುಬು ಬಿಟ್ಟ ವರ್ಷದಿಂದ ಹಾಗೇ.

"ಯಜಮಾನ್ರೇ, ಒಂದು ಮಾತು ಕೇಳ್ಬೇಕಿತ್ತು. ನಿಮಗೆ ಮಕ್ಕಳು ಎಷ್ಟು?"

"ನೀನೇನೋ, ಜನಗಣತಿಗೆ ಬಂದಿದೀಯಾ? ಎರಡು."

"ಹುಟ್ಟಿದ್ದು?"

ಮುದುಕ ರೇಡಿಯೋದ ಕಿವಿ ಹಿಂಡಿ ಬಾಯಿ ಮುಚ್ಚಿಸಿದ. "ಹೊಟ್ಟೆಗೆ ಬಂದದ್ದು ಏಳು. ಯಾಕೋ?"

ಮೇಸ್ತ್ರಿ ಕಾಗದದಲ್ಲಿದ್ದದ್ದನ್ನು ಹೇಳಿದ. ಮುದುಕ ತುಂಬ ಹೊತ್ತು ತನ್ನ ಜೋತುಬಿದ್ದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅದು ಜಾರಿದಾಗ ಮತ್ತೆ ಎತ್ತಿಟ್ಟುಕೊಳ್ಳುತ್ತಿದ್ದ.

"ಹಾಲು ಕುಡಿ ಅಂದಿದ್ರಿ ನೀವು," ಎಂದ ಮೇಸ್ತ್ರಿ. ದನಿ ಏರಿತ್ತು.

"ನಂಗೂ ಹಾಗೇ ಹೇಳಿಕೊಟ್ಟಿದ್ರು ಕಣೋ. ಕುಡಿದೆ. ಮನೆಗೆ ತರೋದು ಅರ್ಧ ಲೀಟರು. ಅಷ್ಟನ್ನೂ ನಾನೇ ಕುಡೀತಿದ್ದೆ. ನನ್ನವಳು ಒಲೆ ಮುಂದೆ ಕೂತು ನನ್ನ ಬಟ್ಟೆ ಕೊಡವ್ತಿದ್ಲು." ಮುದುಕನ ದನಿ ಇಳಿಯಿತು. "ಅವಳು ಹೋಗಿ ಒಂಬತ್ತು ವರ್ಷ ಆಯ್ತು. ಈಗ ಬಂದು ಹೇಳ್ತೀಯಲ್ಲೋ ನೀನು."

ಬೈಯಬೇಕೆಂದೇ ಬಂದವನು ಮೇಸ್ತ್ರಿ. ಬೈಗುಳ ಬಾಯಿಯ ತನಕ ಬಂದು ಹಾಗೇ ನಿಂತಿತು. ಯಾರನ್ನು ಬೈಯುವುದು? ಮುದುಕನಿಗೆ ಕಲಿಸಿದವನು ಎಂದೋ ಸತ್ತಿದ್ದ.

ಅಲ್ಲಿಂದ ಅಂಗಡಿಗೆ ಬಂದು ಕೆಲಸ ಮಾಡಿದ. ಮಾಡದಿದ್ದರೆ ಆಗುತ್ತದೆಯೇ, ಎರಡು ಬ್ಯಾಟರಿ ಬಿಚ್ಚಿಟ್ಟಿದ್ದ. ಮಧ್ಯಾಹ್ನ ಹಿಂದಿನ ನಲ್ಲಿಯಲ್ಲಿ ಸಾಬೂನು ಹಚ್ಚಿ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು, ಕೆಲಸದ ಅಂಗಿಯನ್ನು ಅಂಗಡಿಯ ಮೊಳೆಗೇ ನೇತುಹಾಕಿ, ಬೀಗದವನ ಅಂಗಿ ಕೇಳಿ ಪಡೆದು ಹಾಕಿಕೊಂಡು ಮನೆಗೆ ಹೋದ. ಬೀಗದವನದು ಸಣ್ಣ ಮೈ. ಗುಂಡಿ ಎದೆಯ ಮೇಲೆ ಉಸಿರು ಕಟ್ಟುತ್ತಿತ್ತು.

"ಇದ್ಯಾವ ವೇಷ?" ಎಂದಳು ತಾಯಿ. "ನಿನ್ನ ಅಂಗಿ ಯಾರು ಕದ್ರು? ಕದಿಯೋಕೆ ಅದರಲ್ಲಿ ತೂತು ಬಿಟ್ಟು ಇನ್ನೇನಿತ್ತು?"

ಮೇಸ್ತ್ರಿ ಬಕೆಟ್ಟಿನಲ್ಲಿ ನೀರು ತಂದು ನೆಲ ಒರೆಸತೊಡಗಿದ. ಹನ್ನೊಂದು ವರ್ಷದಲ್ಲಿ ಅವನು ನೆಲ ಒರೆಸಿದ್ದನ್ನು ಯಾರೂ ಕಂಡಿರಲಿಲ್ಲ. ಬಾಗಿಲ ಹಿಂದೆ ಅವನ ಬಟ್ಟೆ ತೂಗುಹಾಕುವ ಗೂಟದ ಕೆಳಗೆ ಒರೆಸಿದ. ಒರೆಸುವ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ನೀರು ಚೆಲ್ಲಿ ಬಂದು ಮತ್ತೆ ಒರೆಸಿದ. ಮತ್ತೂ ಬೂದಿ. ಗೋಡೆಯ ಬಿರುಕಿನಲ್ಲಿ, ಚಾಪೆಯ ಹೆಣಿಗೆಯಲ್ಲಿ, ಎಲ್ಲಿ ಮುಟ್ಟಿದರೂ ಅಲ್ಲಿ. ಕಣ್ಣಿಗೆ ಕಾಣುವುದನ್ನು ಒರೆಸಬಹುದು. ಅವಳ ಮೈಯೊಳಗೆ ಹೋದದ್ದನ್ನು ಯಾವ ಬಟ್ಟೆಯಿಂದ ಒರೆಸುವುದು?

ಎದ್ದು ತಿರುಗಿ ನೋಡಿದರೆ, ಹೆಂಡತಿ ಹೊಸ್ತಿಲಲ್ಲಿ ಕೂತಿದ್ದಳು. ಸೋಮವಾರದ ಅಂಗಿ ತೊಡೆಯ ಮೇಲಿತ್ತು. ಗಂಟು ಹಾಕಿ ದಾರವನ್ನು ಹಲ್ಲಿನ ನಡುವೆ ಇಟ್ಟುಕೊಂಡಿದ್ದಳು.

"ಉಗುಳೇ ಅದನ್ನ!" ಎಂದು ಕೂಗಿ ಹಾರಿಬಂದು ದಾರವನ್ನು ಅವಳ ಬಾಯಿಂದ ಎಳೆದ. ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿತು. ಅಂಗಿಯನ್ನು ಕಿತ್ತು ಅಂಗಳಕ್ಕೆ ಎಸೆದ. "ಇನ್ನೊಂದು ಸಲ ನನ್ನ ಬಟ್ಟೆ ಮುಟ್ಟಿದ್ರೆ ನೋಡು! ಕೈ ತೊಳಿ! ಬಾಯಿ ತೊಳಿ!"

ಅವಳು ಬೆರಳು ಹಿಡಿದುಕೊಂಡು ಅವನನ್ನೇ ನೋಡಿದಳು. "ಏನಾಯ್ತು ಅಂತ ಹೇಳಿ ಬೈರಿ. ಯಾವಾಗಲೂ ಹೇಳಿ ಬೈತಿದ್ರಿ."

ಹೇಳಬೇಕಿತ್ತು. ಅದೇ ಹೊತ್ತು. ಆದರೆ ಮಂಚದ ಮೇಲೆ ತಾಯಿ ಕಿವಿ ನಿಮಿರಿಸಿ ಕೂತಿದ್ದಳು. ಹೊಸ್ತಿಲಲ್ಲಿ, ನಿನ್ನೆಯಷ್ಟೇ ನಕ್ಕ ಮುಖ. ಹೇಳಿದರೆ ಆರು ವರ್ಷದ ಹಿಂದಿನ ಆಸ್ಪತ್ರೆಯ ಮೆಟ್ಟಿಲು ಎದ್ದು ಬಂದು ಮನೆಯ ನಡುವೆ ನಿಲ್ಲುತ್ತದೆ. "ಬಸುರಿ ಕೆಲಸ ಮಾಡ್ಬಾರ್ದು ಅಷ್ಟೇ," ಎಂದು ಗೊಣಗಿ ಬಕೆಟ್ಟು ಎತ್ತಿಕೊಂಡು ಹೊರಗೆ ಹೋದ.

ಗುರುವಾರ ಹತ್ತಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಇಬ್ಬರೂ ಸೂಲಗಿತ್ತಿಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹೆಂಡತಿಯ ಚೀಲದಲ್ಲಿ ಬಾಟಲಿ, ಹಳೆಯ ಚೀಟಿಗಳು. ಕಾಗದ ಮೇಸ್ತ್ರಿಯ ಕೈಯಲ್ಲಿ. ಜೇಬಿನಲ್ಲಿ ಪೆನ್ನಿತ್ತು. ಖಾಲಿ ಖಾನೆಯಲ್ಲಿ ಒಂದು ಪದ ಬರೆಯಲು ಕಾಲು ಗಂಟೆ ಧಾರಾಳ. ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಮತ್ತೆ ಮುಚ್ಚಿದ. ಒಳಗಿನಿಂದ ಕರೆ ಬಂತು.

ಸೂಲಗಿತ್ತಿಗೆ ಐವತ್ತರ ಮೇಲಿರಬಹುದು. ಉಗುರು ಗಿಡ್ಡವಾಗಿ ಕತ್ತರಿಸಿದ ಕೈ, ಹಣೆಯ ಮೇಲಕ್ಕೆ ಏರಿಸಿದ ಕನ್ನಡಕ. ತೂಕ ನೋಡಿದಳು, ಬಿ.ಪಿ. ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ರಕ್ತ ಕಡಿಮೆ ಇದೆ ಅನ್ಸುತ್ತಮ್ಮ." ಆಮೇಲೆ ಕಾಗದ ಹಿಡಿದು ಒಂದೊಂದೇ ಸಾಲಿಗೆ ಗೀಟು ಹಾಕುತ್ತ ಬಂದು, ಎರಡನೇ ಪುಟದ ಕೊನೆಯಲ್ಲಿ ನಿಂತಳು.

"ಇಲ್ಲೊಂದು ಖಾಲಿ ಬಿಟ್ಟಿದೀರಿ. ನಿಮ್ಮ ಯಜಮಾನ್ರದು ಏನು ಕೆಲಸ?"

"ಬ್ಯಾಟರಿ ಕೆಲಸ ಸಿಸ್ಟರ್," ಎಂದಳು ಹೆಂಡತಿ. "ಆ ಓಣಿಗೇ ಇವರೊಬ್ಬರೇ."

"ಬಟ್ಟೆ ಒಗೆಯೋದು?"

"ಇನ್ಯಾರು, ನಾನೇ. ಹೊಲಿಯೋದೂ ನಾನೇ. ಆಸಿಡ್ ಬಿದ್ದು ಎಲ್ಲ ತೂತಲ್ವಾ. ನೋಡಿ ಬೇಕಾದ್ರೆ," ಎಂದು ಗಂಡನ ತೋಳು ಹಿಡಿದು ಮುಂದಕ್ಕೆಳೆದಳು. ಅವನು ಹಾಕಿಕೊಂಡಿದ್ದ ಒಳ್ಳೆಯ ಅಂಗಿಯ ಮೊಣಕೈ ಹತ್ತಿರ, ಕಾಳಿನಷ್ಟು ಜಾಗದಲ್ಲಿ, ಬಟ್ಟೆಯ ನೇಯ್ಗೆಗೆ ನೇಯ್ಗೆ ಕೂಡಿಸಿದ ಹೊಲಿಗೆ. "ಎಲ್ಲಿ ತೂತಿತ್ತು ಅಂತ ಗೊತ್ತಾಗಲ್ಲ ಅಲ್ವಾ?"

"ಇಲ್ಲಮ್ಮ, ಗೊತ್ತಾಗಲ್ಲ," ಎಂದಳು ಸೂಲಗಿತ್ತಿ ಕನ್ನಡಕ ಇಳಿಸಿ ನೋಡಿ. ಅದು ನಿಜವಾದ ಮೆಚ್ಚುಗೆಯೇ. "ಹೊಲಿಯೋದು ಒಗೆದ ಮೇಲಾ, ಮುಂಚೆನಾ?"

"ಮುಂಚೆ. ಒಗೆದ್ರೆ ತೂತು ಹರಡುತ್ತೆ."

ಸೂಲಗಿತ್ತಿ ಬರೆದುಕೊಂಡಳು. "ದಾರ ಹೇಗೆ ಕತ್ತರಿಸ್ತೀರಿ?"

ತೋರಿಸಲೆಂದು ಹೆಂಡತಿಯ ಕೈ ಬಾಯಿಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಹೆಬ್ಬೆರಳಿನಲ್ಲಿ ನಿನ್ನೆಯ ಸೂಜಿಯ ಗಾಯ ಇನ್ನೂ ಕೆಂಪಗಿತ್ತು. ಅವಳು ಬೆರಳು ನೋಡಿಕೊಂಡಳು, ಗಂಡನ ಮುಖ ನೋಡಿದಳು, ಆಮೇಲೆ ಕಾಗದ ನೋಡಿದಳು.

"ಸಿಸ್ಟರ್, ಇದು ನಮಗೆ ಕೊಟ್ಟ ಕಾಗದದಲ್ಲೇ ಇತ್ತಾ?"

"ಇತ್ತಮ್ಮ. ಸೀಸದ ಪುಡಿ ಬಸುರಿಗೆ ಒಳ್ಳೇದಲ್ಲ. ಅದಕ್ಕೇ ಕೇಳೋದು."

"ಓದಲಿಲ್ಲ ನೀವು," ಎಂದಳು ಗಂಡನಿಗೆ. ಅಷ್ಟೇ. ಕೂಗಿದ್ದರೆ ಅವನೂ ಕೂಗುತ್ತಿದ್ದ.

ಮೇಸ್ತ್ರಿ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಹಂಗಾದ್ರೆ ಆ ಎರಡೂ ಅದರಿಂದಲೇ ಹೋದ್ವಾ? ಹೇಳಿ ಸಿಸ್ಟರ್! ಹೌದು ಅನ್ನಿ, ಇಲ್ಲ ಅನ್ನಿ!"

"ಕೂತ್ಕೊಳ್ಳಿ. ಆಗಿರಬಹುದು, ಆಗದೇನೂ ಇರಬಹುದು. ನೂರು ಕಾರಣ ಇರುತ್ತೆ. ಇಷ್ಟು ವರ್ಷದ ಮೇಲೆ ಅದನ್ನ ಯಾರೂ ಹೇಳೋಕಾಗಲ್ಲ."

"ನಿಮ್ಮ ಕಾಗದದಲ್ಲಿ ನಮಗೆ ಹೌದು ಇಲ್ಲ ಎರಡೇ ಕೊಟ್ಟಿದೀರಿ. ನಾವು ಕೇಳಿದ್ರೆ ಇರಬಹುದು, ಇಲ್ಲದಿರಬಹುದು! ಇದು ಯಾವ ನ್ಯಾಯ?"

ಸೂಲಗಿತ್ತಿ ಬೈಸಿಕೊಂಡು ಅಭ್ಯಾಸವಿದ್ದವಳು. ಎದ್ದು ಕುರ್ಚಿ ನೆಟ್ಟಗೆ ನಿಲ್ಲಿಸಿದಳು. "ಇಬ್ಬರದೂ ರಕ್ತ ತಗೋತೀನಿ. ಪರೀಕ್ಷೆ ಮಾಡಿಸಿ ಬರೋಕೆ ಹತ್ತು ದಿನ. ಅದು ನೋಡಿ ದೊಡ್ಡ ಡಾಕ್ಟರ ಹತ್ತಿರ ಕಳಿಸಬೇಕಾ ಅಂತ ಹೇಳ್ತೀನಿ. ಅಲ್ಲೀತನಕ ಕೆಲಸದ ಬಟ್ಟೆ, ಚಪ್ಪಲಿ ಯಾವುದೂ ಮನೆಗೆ ಬರಬಾರದು. ನೀವು ಸ್ನಾನ ಮಾಡಿಯೇ ಒಳಗೆ ಬರಬೇಕು. ನೆಲ ನೀವೇ ಒರೆಸಿ, ಒದ್ದೆ ಬಟ್ಟೆಯಲ್ಲಿ. ಇವರಿಗೆ ಹೊಟ್ಟೆ ತುಂಬ ಊಟ, ನಾನು ಕೊಡೋ ಮಾತ್ರೆ."

"ನಾವು ಹಾಲು..." ಎಂದ ಮೇಸ್ತ್ರಿ ಸಣ್ಣ ದನಿಯಲ್ಲಿ.

"ಕುಡೀರಿ. ಆದ್ರೆ ಸೀಸ ಅದರಿಂದ ಹೋಗಲ್ಲ."

"ಮಗು ಉಳಿಯುತ್ತಾ?" ಎಂದು ಕೇಳಿದ್ದು ಹೆಂಡತಿ.

"ಈಗ ಚೆನ್ನಾಗಿದೆ. ನಾಳೆದು ನಾನು ಹೇಳಬಾರದು ಕಣಮ್ಮ."

ಸೂಜಿ ಚುಚ್ಚುವಾಗ ಅವಳು ಮುಖ ತಿರುಗಿಸಲಿಲ್ಲ. ಮೇಸ್ತ್ರಿ ತಿರುಗಿಸಿದ.

ಮನೆಯ ದಾರಿಯಲ್ಲಿ ಅವಳು ಎರಡು ಹೆಜ್ಜೆ ಮುಂದೆ ನಡೆದಳು. ಚೀಲ ಕೊಡು ಎಂದ, ಕೊಡಲಿಲ್ಲ. ಆಟೋ ಹಿಡಿಯಲಾ ಎಂದ. ಕೇಳಿಸದವಳ ಹಾಗೆ ನಡೆದಳು. ಬಾಗಿಲಲ್ಲೇ ತಾಯಿ ಗೋಡೆ ಹಿಡಿದು ನಿಂತಿದ್ದಳು.

"ಏನಂದ್ಲಂತೆ ನಿಮ್ಮ ಸಿಸ್ಟರು? ಈ ಸಲನಾದ್ರೂ ಇವಳ ಹೊಟ್ಟೆ ನಿಲ್ಲುತ್ತಂತಾ?"

ಹೆಂಡತಿ ಒಳಗೆ ಹೋಗಲಿಲ್ಲ. ಮೆಟ್ಟಿಲ ಪಕ್ಕಕ್ಕೆ ಸರಿದು ನಿಂತು ಗಂಡನ ಕಡೆ ನೋಡಿದಳು. ಇಷ್ಟು ವರ್ಷ ಅವಳು ಕೊಡದೆ ಇಟ್ಟುಕೊಂಡಿದ್ದ ಉತ್ತರವನ್ನು ಈಗ ಅವನೇ ಕೊಡಬೇಕಿತ್ತು.

"ಇವಳ ಹೊಟ್ಟೆ ಮಾತು ಬಿಡಮ್ಮ," ಎಂದ. "ನನ್ನ ಬಟ್ಟೆಯಲ್ಲಿತ್ತು."

"ಬಟ್ಟೆಯಲ್ಲಿ ಏನಿತ್ತೋ?"

"ವಿಷ. ಅಂಗಡೀದು. ನಾನೇ ತರ್ತಿದ್ದೆ ಮನೆಗೆ. ಆ ಎರಡೂ ಅದರಿಂದಲೇ ಹೋಗಿದ್ರೂ ಹೋಗಿರಬಹುದು. ಗೊತ್ತಿಲ್ಲ. ಯಾರಿಗೂ ಗೊತ್ತಾಗಲ್ವಂತೆ ಇನ್ನು."

ತಾಯಿ ಸೊಸೆಯ ಮುಖ ನೋಡಿದಳು. ಗೋಡೆ ಹಿಡಿದುಕೊಂಡೇ ನಿಧಾನವಾಗಿ ಕೆಳಗೆ ಕೂತಳು. ಸೊಸೆಯ ಸೆರಗಿನ ತುದಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

ಹೆಂಡತಿ ಅತ್ತೆಯನ್ನು ದಾಟಿ ಒಳಗೆ ಹೋದಳು. ಮೇಸ್ತ್ರಿಯೂ ಹಿಂದೆಯೇ ಹೋಗಬೇಕೆಂದು ಚಪ್ಪಲಿ ಬಿಟ್ಟ. ಅವಳು ತಿರುಗಿದಳು.

"ಒಂದು ಮಾತು. ಈ ಹತ್ತು ದಿನ ನನ್ನ ಬೈಬೇಡಿ. ಸಮಾಧಾನಾನೂ ಮಾಡ್ಬೇಡಿ. ಎರಡೂ ತಡ್ಕೊಳ್ಳೋಕೆ ಆಗಲ್ಲ ನಂಗೆ."

ಅವನಿಗೆ ಬರುತ್ತಿದ್ದದ್ದು ಆ ಎರಡೇ. ಅವಳು ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದಳು. ಮೇಸ್ತ್ರಿ ಬಾಗಿಲಲ್ಲಿ ನಿಂತ. ಒಳಗೆ ಹೋಗಲು ಆಗಲಿಲ್ಲ, ಅಂಗಡಿಗೆ ಹೋಗಲೂ ಆಗಲಿಲ್ಲ. ಹತ್ತು ದಿನದಲ್ಲಿ ಮೊದಲನೆಯ ದಿನ ಇನ್ನೂ ಮಧ್ಯಾಹ್ನವೂ ಆಗಿರಲಿಲ್ಲ.